‘ಸಾರಿ’ಯ ಬೆನ್ನಿಗೆ ಬರುವ ‘ದಟ್’

ಇಂಗ್ಲಿಷಿನ ‘ದಟ್’ ಎಂಬ ಸಂಯೋಜಕ ಪದಕ್ಕೆ ಕನ್ನಡದಲ್ಲಿ ‘ಎಂದು’ ಎಂಬ ಅರ್ಥವನ್ನು ಬರೆಯಿಸುವುದು ಕನ್ನಡನಾಡಿನ ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ‘ಹೀ ಸೆಡ್ ದಟ್ ಹೀ ವಾಸ್ ಇಲ್’ ಎಂದರೆ ‘ತನಗೆ ಕಾಯಿಲೆಯೆಂದು ಅವನು ಹೇಳಿದನು’. ‘ಐ ಥಿಂಕ್ ದಟ್ ಇಟ್ ವಿಲ್ ರೇನ್’ ಎಂದರೆ ‘ಮಳೆ ಬರುವುದೆಂದು ತೋರುತ್ತದೆ’. ಇಲ್ಲಿಯವರೆಗೆ ಯಾರಿಗೂ ತೊಂದರೆಯಿಲ್ಲ. ಹೇಳು, ಎಣಿಸು, ನಂಬು ಮೊದಲಾದ ಕ್ರಿಯಾಪದಗಳ ನೆರೆಯಲ್ಲಿ ‘ದಟ್’ ಮತ್ತು ‘ಎಂದು’ ಸರಿಸಮನಾಗಿ ತೂಗುತ್ತವೆ. ಆದರೆ ಸಂತೋಷ, ದುಃಖ, ಆಶ್ಚರ್ಯ, ಭಯ, ಹೆಮ್ಮೆ, ಪಶ್ಚಾತ್ತಾಪ ಇವುಗಳನ್ನು ಹೇಳುವ ಪದಗಳ ಬಳಿಗೆ ಬಂದ ಕೂಡಲೇ ತಕ್ಕಡಿ ಒಂದು ಕಡೆಗೆ ವಾಲತೊಡಗುತ್ತದೆ. ಆ ವಾಲುವಿಕೆ ಎಷ್ಟು ಸೂಕ್ಷ್ಮವೆಂದರೆ, ಕಾಗದ ಬರೆಯುವವರಿಗೆ ಅದು ಕಾಣುವುದೇ ಇಲ್ಲ. ಓದುವವರಿಗೆ ಮಾತ್ರ ಎಲ್ಲಿಯೋ ಚುಚ್ಚಿದಂತಾಗುತ್ತದೆ.

ಈ ಎರಡು ಪದಗಳ ಹುಟ್ಟೇ ಬೇರೆ ಬೇರೆ. ಕನ್ನಡದ ‘ಎಂದು’ ಎಂಬುದು ‘ಎನ್ನು’ ಎಂಬ ಧಾತುವಿನಿಂದ ಬಂದದ್ದು. ಅದು ನಾಲಗೆಯ ಕೆಲಸವನ್ನು ಹೇಳುವ ಪದ. ಇಂಗ್ಲಿಷಿನ ‘ದಟ್’ ಆದರೋ ‘ಅದು’ ಎಂಬ ನಿರ್ದೇಶಕ ಸರ್ವನಾಮವೇ ಕಾಲಕ್ರಮದಲ್ಲಿ ಸಂಯೋಜಕವಾಗಿ ನಿಂತುಕೊಂಡದ್ದು. ಅದು ಬೆರಳು ಮಾಡಿ ತೋರಿಸುವ ಪದ. ಒಂದು ಆಡಿದ ಮಾತನ್ನು ಹೊತ್ತು ತರುತ್ತದೆ, ಇನ್ನೊಂದು ಎದುರಿಗಿರುವ ವಸ್ತುವನ್ನು ತೋರಿಸುತ್ತದೆ. ಮಾತೂ ವಸ್ತುವೂ ಒಂದೇ ಆಗಿರುವಷ್ಟು ಹೊತ್ತು ಈ ಭೇದದಿಂದ ಹಾನಿಯಿಲ್ಲ. ಅವೆರಡೂ ಬೇರೆಯಾದ ಗಳಿಗೆಯಲ್ಲಿ ಏನಾಗುವುದೆಂಬುದಕ್ಕೆ ಒಂದು ಸಣ್ಣ ನಿದರ್ಶನವನ್ನು ನೋಡಬಹುದು.

ಪರೀಕ್ಷೆಯ ಫಲಿತಾಂಶ ಪತ್ರಿಕೆಯಲ್ಲಿ ಬಂದ ದಿನ. ಸಂಖ್ಯೆಯನ್ನು ತಪ್ಪಾಗಿ ಓದಿಕೊಂಡ ತಾಯಿಯೊಬ್ಬಳು, ಮಗನು ತೇರ್ಗಡೆಯಾದನೆಂದು ಬಗೆದು ಊರಿಗೆಲ್ಲ ಸಕ್ಕರೆ ಹಂಚಿದಳು. ‘ಮಗ ಪಾಸಾದನೆಂದು ತಾಯಿಗೆ ಸಂತೋಷವಾಯಿತು, ಆದರೆ ಅವನು ಪಾಸಾಗಿರಲಿಲ್ಲ’ ಎಂದು ಕನ್ನಡದಲ್ಲಿ ಬರೆದರೆ ವಾಕ್ಯಕ್ಕೆ ಯಾವ ಕುಂದೂ ಇಲ್ಲ. ‘ಎಂದು’ ಎಂಬ ಪದವು ಆ ತಾಯಿಯ ಮನಸ್ಸಿನೊಳಗಿನ ಮಾತನ್ನು ತಂದೊಪ್ಪಿಸಿತೇ ಹೊರತು, ಆ ಮಾತು ಸತ್ಯವೆಂದು ರುಜು ಹಾಕಲಿಲ್ಲ. ಇದನ್ನೇ ಇಂಗ್ಲಿಷಿನಲ್ಲಿ ‘ದಿ ಮದರ್ ವಾಸ್ ಗ್ಲ್ಯಾಡ್ ದಟ್ ಹರ್ ಸನ್ ಹ್ಯಾಡ್ ಪಾಸ್ಡ್’ ಎಂದು ಆರಂಭಿಸಿ, ‘ಬಟ್ ಹೀ ಹ್ಯಾಡ್ ನಾಟ್’ ಎಂದು ಮುಗಿಸಿದರೆ ಆ ಭಾಷೆಯವನು ಹುಬ್ಬು ಗಂಟಿಕ್ಕುತ್ತಾನೆ. ಅವನ ಕಿವಿಗೆ ‘ಗ್ಲ್ಯಾಡ್ ದಟ್’ ಎಂದೊಡನೆ ಮುಂದಿನ ಸಂಗತಿ ನಡೆದುಹೋದ ಸಂಗತಿಯೇ ಆಯಿತು. ಮಗನು ಪಾಸಾದನೆಂಬುದಕ್ಕೆ ತಾಯಿಯಷ್ಟೇ ಅಲ್ಲ, ವಾಕ್ಯವನ್ನು ಬರೆದವನೂ ಸಾಕ್ಷಿಯಾದನು. ‘ಥಾಟ್ ದಟ್’ ಎಂದಿದ್ದರೆ ಈ ತೊಡಕಿಲ್ಲ. ಪಾಸಾದನೆಂದು ತಪ್ಪಾಗಿ ತಿಳಿದಿದ್ದಳೆಂಬುದನ್ನು ಮೊದಲೇ ಹೇಳಿ, ಆಮೇಲೆ ‘ಗ್ಲ್ಯಾಡ್ ದಟ್’ ಎಂದರೂ ಒಂದು ವಿಧವಾಗಿ ನಡೆದೀತು. ಆದರೆ ಮುನ್ಸೂಚನೆಯಿಲ್ಲದೆ ಬಂದ ‘ಗ್ಲ್ಯಾಡ್ ದಟ್’ ಸತ್ಯದ ಮುದ್ರೆಯನ್ನು ಒತ್ತಿಬಿಡುತ್ತದೆ.

ಈ ಸಂಗತಿಯನ್ನು ಶಾಸ್ತ್ರೀಯವಾಗಿ ಎತ್ತಿ ತೋರಿಸಿದವರು ಪಾಲ್ ಕಿಪಾರ್ಸ್ಕಿ ಮತ್ತು ಕ್ಯಾರೊಲ್ ಕಿಪಾರ್ಸ್ಕಿ ಎಂಬ ಇಬ್ಬರು ಭಾಷಾವಿಜ್ಞಾನಿಗಳು. 1970ರಲ್ಲಿ ಪ್ರಕಟವಾದ ಅವರ ಲೇಖನದ ಹೆಸರು ಒಂದೇ ಪದ: ‘ಫ್ಯಾಕ್ಟ್’, ಅಂದರೆ ವಾಸ್ತವ ಸಂಗತಿ. ಕೆಲವು ಕ್ರಿಯಾಪದಗಳೂ ಗುಣವಾಚಕಗಳೂ ತಮ್ಮ ಮುಂದಿನ ಉಪವಾಕ್ಯವನ್ನು ಸತ್ಯವೆಂದು ಮೊದಲೇ ಒಪ್ಪಿಕೊಂಡು ಹೊರಡುತ್ತವೆ. ಮತ್ತೆ ಕೆಲವು ಹಾಗೆ ಒಪ್ಪಿಕೊಳ್ಳುವುದಿಲ್ಲ. ಪಶ್ಚಾತ್ತಾಪ, ಅಸಮಾಧಾನ, ಆಶ್ಚರ್ಯಗಳನ್ನು ಹೇಳುವ ಪದಗಳು ಮೊದಲ ಪಂಗಡದವು. ನಂಬುವುದು, ಊಹಿಸುವುದು ಮೊದಲಾದವು ಎರಡನೆಯವು. ಇದನ್ನು ಪರೀಕ್ಷಿಸುವ ಉಪಾಯವೂ ಸುಲಭ. ವಾಕ್ಯವನ್ನು ನಿಷೇಧರೂಪಕ್ಕೆ ತಿರುಗಿಸಿ ನೋಡಬೇಕು. ‘ಐ ಆ್ಯಮ್ ನಾಟ್ ಸಾರಿ ದಟ್ ಹೀ ಲೆಫ್ಟ್’ ಎಂದಾಗ ವ್ಯಥೆಯಿಲ್ಲವೆಂದಾಯಿತು. ಆದರೆ ಅವನು ಹೊರಟುಹೋದದ್ದಂತೂ ಹೋದದ್ದೇ. ‘ಐ ಡು ನಾಟ್ ಥಿಂಕ್ ದಟ್ ಹೀ ಲೆಫ್ಟ್’ ಎಂದಾಗ ಅವನು ಹೋದನೋ ಇಲ್ಲವೋ ದೇವರೇ ಬಲ್ಲ. ಇನ್ನೊಂದು ಪರೀಕ್ಷೆ, ‘ದಟ್’ ಎಂಬುದರ ಹಿಂದೆ ‘ದಿ ಫ್ಯಾಕ್ಟ್’ ಎಂಬ ಎರಡು ಪದಗಳನ್ನು ಸೇರಿಸಿ ನೋಡುವುದು. ‘ಐ ರಿಗ್ರೆಟ್ ದಿ ಫ್ಯಾಕ್ಟ್ ದಟ್’ ಎಂಬುದು ಸರಾಗವಾಗಿ ನಡೆಯುತ್ತದೆ; ‘ಐ ಥಿಂಕ್ ದಿ ಫ್ಯಾಕ್ಟ್ ದಟ್’ ಎಂಬುದು ಎಡವಿ ಬೀಳುತ್ತದೆ.

ಕನ್ನಡದಲ್ಲಿ ಈ ಸಾಮರ್ಥ್ಯವಿಲ್ಲವೆಂದು ಯಾರೂ ತಿಳಿಯಬೇಕಾಗಿಲ್ಲ. ಕನ್ನಡವು ಅದೇ ಕೆಲಸವನ್ನು ಬೇರೆ ಉಪಕರಣಗಳಿಂದ ಮಾಡುತ್ತದೆ, ಅಷ್ಟೆ. ‘ಮಗ ಪಾಸಾದದ್ದಕ್ಕೆ ತಾಯಿಗೆ ಸಂತೋಷವಾಯಿತು’ ಎಂದು ನೋಡಿದರೆ ಮಗನು ನಿಜವಾಗಿ ಪಾಸಾಗಿದ್ದಾನೆ. ಅಲ್ಲಿ ಸುಳ್ಳಿಗೆ ಎಡೆಯಿಲ್ಲ. ‘ಆದದ್ದು’, ‘ಬಂದದ್ದು’, ‘ಹೋದದ್ದು’ ಎಂಬ ಕೃದಂತ ನಾಮಗಳು ಕ್ರಿಯೆಯನ್ನು ಕೈಯಲ್ಲಿ ಹಿಡಿಯಬಹುದಾದ ವಸ್ತುವನ್ನಾಗಿ ಮಾಡುತ್ತವೆ; ಅದರ ಮೇಲೆ ‘ಕ್ಕೆ’ ಅಥವಾ ‘ಇಂದ’ ಎಂಬ ವಿಭಕ್ತಿ ಕುಳಿತು ಅದನ್ನು ಭಾವಕ್ಕೆ ಕಾರಣವನ್ನಾಗಿಸುತ್ತದೆ. ಇದಕ್ಕಿಂತಲೂ ಚೆಲುವಾದದ್ದು ‘ಅಲ್ಲಾ’ ಎಂಬ ಪುಟ್ಟ ಅವ್ಯಯ. ‘ಮಳೆ ಬಂತಲ್ಲಾ, ಸದ್ಯ!’, ‘ಕೊನೆಗೂ ಹೀಗಾಯಿತಲ್ಲಾ ಎಂದು ಅತ್ತಳು’ ಎಂಬಲ್ಲಿ ಆ ‘ಅಲ್ಲಾ’ ಎಂಬುದು ನಡೆದ ಸಂಗತಿಯ ಕಡೆಗೆ ಬೆರಳನ್ನೂ ತೋರಿಸುತ್ತದೆ, ನಿಟ್ಟುಸಿರನ್ನೂ ಬಿಡುತ್ತದೆ. ಭಾವಸೂಚಕ ಪದಗಳ ಮುಂದಿನ ‘ದಟ್’ಗೆ ಕನ್ನಡದಲ್ಲಿ ನಿಜವಾದ ಜೋಡಿ ಹುಡುಕಹೊರಟವನು ‘ಎಂದು’ ಎಂಬಲ್ಲಿಗೆ ಹೋಗುವ ಮುನ್ನ ಈ ‘ಅಲ್ಲಾ’ ಎಂಬುದರ ಮನೆಯ ಬಾಗಿಲನ್ನು ತಟ್ಟುವುದು ಮೇಲು. ಮಕ್ಕಳಿಗೆ ಪಾಠ ಹೇಳುವ ಉಪಾಧ್ಯಾಯರು ಇದನ್ನು ಒಮ್ಮೆ ಪ್ರಯೋಗಿಸಿ ನೋಡಬಹುದು.

ಇನ್ನು ವ್ಯಾಕರಣಕಾರರ ಜಗಳ. ‘ಐ ಆ್ಯಮ್ ಗ್ಲ್ಯಾಡ್ ದಟ್ ಯೂ ಕೇಮ್’ ಎಂಬ ವಾಕ್ಯದಲ್ಲಿ ‘ದಟ್ ಯೂ ಕೇಮ್’ ಎಂಬ ಉಪವಾಕ್ಯ ಯಾವ ಜಾತಿಯದು? ‘ಗ್ಲ್ಯಾಡ್’ ಎಂಬುದು ಗುಣವಾಚಕ, ಅದಕ್ಕೆ ಕರ್ಮಪದವಿರುವಂತಿಲ್ಲ. ಆದಕಾರಣ ಇದು ನಾಮವಾಕ್ಯವಾಗಲಾರದು, ಸಂತೋಷಕ್ಕೆ ಕಾರಣವನ್ನು ಹೇಳುವ ಕ್ರಿಯಾವಿಶೇಷಣ ವಾಕ್ಯವೆಂದು ಹಳೆಯ ಶಾಲಾ ವ್ಯಾಕರಣಗಳ ಒಂದು ಪಕ್ಷ. ಭಾರತದ ಪ್ರೌಢಶಾಲೆಗಳಲ್ಲಿ ವಾಕ್ಯವಿಭಜನೆಯನ್ನು ಕಲಿತ ಎಷ್ಟೋ ತಲೆಮಾರುಗಳು ಈ ಪಕ್ಷವನ್ನೇ ಬಾಯಿಪಾಠ ಮಾಡಿದವು. ಡೆನ್ಮಾರ್ಕಿನ ಪ್ರಸಿದ್ಧ ವೈಯಾಕರಣ ಆಟೊ ಯೆಸ್ಪರ್ಸನ್ ಇಂಥ ‘ದಟ್’ ವಾಕ್ಯಗಳನ್ನು ‘ವಿಷಯವಾಕ್ಯ’ ಎಂಬರ್ಥ ಬರುವ ಹೆಸರಿನಿಂದ ಕರೆದನು. ಮನಸ್ಸಿನಲ್ಲಿ ತುಂಬಿಕೊಂಡಿರುವ ವಿಷಯವನ್ನು ಹೇಳತಕ್ಕ ವಾಕ್ಯ ಎಂದು ಅದರ ಭಾವ. 2002ರಲ್ಲಿ ಹೊರಬಂದ ಹಡಲ್‌ಸ್ಟನ್ ಮತ್ತು ಪುಲಮ್ ಅವರ ಕೇಂಬ್ರಿಜ್ ವ್ಯಾಕರಣವೂ ಅದೇ ಹೆಸರನ್ನು ಉಳಿಸಿಕೊಂಡಿದೆ. ಇದು ಗುಣವಾಚಕದ ಪೂರಕವೆಂದು ಅದರ ನಿರ್ಣಯ. ಎರಡನೆಯ ಪಕ್ಷಕ್ಕೆ ಬಲ ಹೆಚ್ಚು. ಏಕೆಂದರೆ ಕಾರಣವಾಕ್ಯವನ್ನು ಬೇಕಾದರೆ ಹಾಕಬಹುದು, ಬೇಡವಾದರೆ ಬಿಡಬಹುದು, ಯಾವ ಪದದ ನಂತರವಾದರೂ ಹಾಕಬಹುದು. ‘ದಟ್’ ವಾಕ್ಯಕ್ಕೆ ಆ ಸ್ವಾತಂತ್ರ್ಯವಿಲ್ಲ. ‘ಹೀ ಈಸ್ ರಿಚ್ ಬಿಕಾಸ್ ಹೀ ವರ್ಕ್ಡ್’ ಎಂದು ಹೇಳಬಹುದೇ ಹೊರತು ‘ರಿಚ್ ದಟ್ ಹೀ ವರ್ಕ್ಡ್’ ಎಂದು ಹೇಳುವಂತಿಲ್ಲ. ‘ಗ್ಲ್ಯಾಡ್’, ‘ಪ್ರೌಡ್’, ‘ಸಾರಿ’ ಮೊದಲಾದವು ತಾವಾಗಿ ಕೈಚಾಚಿ ‘ದಟ್’ ಅನ್ನು ಕರೆದುಕೊಳ್ಳುತ್ತವೆ. ಅದಿರಲಿ, ಜಾತಿಯ ನಿರ್ಣಯ ಹೇಗೇ ಆಗಲಿ, ಕಾಗದ ಬರೆಯುವವನಿಗೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಅವನಿಗೆ ನಷ್ಟವಾಗತಕ್ಕದ್ದು ಬೇರೆ ಕಡೆಯಲ್ಲಿ. ಈ ಗುಣವಾಚಕಗಳು ನಾಮಪದದ ಹಿಂದೆ ಒಂದೊಂದು ಪ್ರಿಪೊಸಿಷನ್ನನ್ನು ಬಯಸುತ್ತವೆ: ‘ಪ್ರೌಡ್ ಆಫ್’, ‘ಸರ್‌ಪ್ರೈಸ್ಡ್ ಅಟ್’, ‘ಸಾರಿ ಫಾರ್’. ‘ದಟ್’ ಬಂದೊಡನೆ ಅವು ಮಾಯವಾಗಬೇಕು. ‘ಸರ್‌ಪ್ರೈಸ್ಡ್ ಅಟ್ ದಟ್ ಹೀ ಕೇಮ್’ ಎಂದು ಬರೆದರೆ ತಪ್ಪು. ‘ಅಟ್’ ಬೇಕೇ ಬೇಕೆಂಬ ಹಟವಿದ್ದರೆ ‘ಅಟ್ ದಿ ಫ್ಯಾಕ್ಟ್ ದಟ್’ ಎಂದು ನಡುವೆ ಒಂದು ನಾಮಪದವನ್ನು ಕೂರಿಸಬೇಕು. ಹಾಗೆಯೇ ‘ನೀನು ಬರಬೇಕೆಂದು ಬಯಸುತ್ತೇನೆ’ ಎಂಬುದರ ‘ಎಂದು’ ಎಂಬುದನ್ನು ಕಂಡು ‘ಐ ವಾಂಟ್ ದಟ್ ಯೂ ಕಮ್’ ಎಂದು ಬರೆಯುವ ಕನ್ನಡಿಗರು ಇದ್ದಾರೆ. ‘ವಾಂಟ್’ ಎಂಬ ಕ್ರಿಯಾಪದಕ್ಕೂ ‘ದಟ್’ ಎಂಬುದಕ್ಕೂ ಎಣ್ಣೆ-ಸೀಗೆಕಾಯಿಯ ಸಂಬಂಧ. ‘ಐ ವಾಂಟ್ ಯೂ ಟು ಕಮ್’ ಎಂಬುದೇ ರೂಢಿ.

ಭಾವಸೂಚಕ ಪದಗಳೆಲ್ಲವೂ ನಡೆದ ಸಂಗತಿಗೇ ಬೆರಳು ಮಾಡುತ್ತವೆ ಎಂಬ ನಿಯಮಕ್ಕೆ ಎರಡು ಅಪವಾದಗಳುಂಟು: ಆಶೆ ಮತ್ತು ಭಯ. ಇವೆರಡೂ ಇನ್ನೂ ನಡೆಯದುದರ ಕಡೆಗೆ ಅಥವಾ ನಡೆದಿದೆಯೋ ಇಲ್ಲವೋ ತಿಳಿಯದುದರ ಕಡೆಗೆ ಮುಖ ಮಾಡಿಕೊಂಡಿರುವ ಭಾವಗಳು. ‘ಐ ಹೋಪ್ ದಟ್ ಹೀ ಈಸ್ ವೆಲ್’ ಎಂದಾಗ ಅವನು ಸೌಖ್ಯವಾಗಿದ್ದಾನೆಂಬುದಕ್ಕೆ ಜಾಮೀನಿಲ್ಲ. ಆದರೆ ‘ಹೋಪ್’ ಎಂಬುದು ಬರಿಯ ಊಹೆಯಲ್ಲ, ಅದರಲ್ಲಿ ಬಯಕೆ ಸೇರಿದೆ ಎಂಬುದನ್ನು ಮರೆತು, ‘ಅವನಿಗೆ ಜ್ವರವಿರಬಹುದು’ ಎಂಬರ್ಥದಲ್ಲಿ ‘ಐ ಹೋಪ್ ದಟ್ ಹೀ ಹ್ಯಾಸ್ ಫೀವರ್’ ಎಂದು ಬರೆದರೆ ಸ್ನೇಹಿತನಿಗೆ ಜ್ವರ ಬರಲೆಂದು ಹರಸಿದಂತಾಗುತ್ತದೆ. ‘ಅಫ್ರೇಡ್’ ಎಂಬುದರ ಕಥೆ ಇನ್ನೂ ವಿಚಿತ್ರ. ‘ಐ ಆ್ಯಮ್ ಅಫ್ರೇಡ್ ದಟ್ ಯುವರ್ ಅಪ್ಲಿಕೇಷನ್ ಈಸ್ ಲೇಟ್’ ಎಂದು ಕಚೇರಿಯ ಗುಮಾಸ್ತೆ ಹೇಳಿದರೆ ಅವನು ಯಾರಿಗೂ ಹೆದರಿಕೊಂಡಿಲ್ಲ; ಅರ್ಜಿ ತಡವಾಗಿ ಬಂದಿರುವುದು ಅವನಿಗೆ ಚೆನ್ನಾಗಿ ಗೊತ್ತು. ಅಪ್ರಿಯವನ್ನು ಮೆತ್ತಗೆ ಹೇಳುವ ಉಪಚಾರ ಅದು. ‘ತಮ್ಮ ಅರ್ಜಿ ತಡವಾಗಿದೆಯೆಂದು ಹೆದರುತ್ತೇನೆ’ ಎಂದು ಅನುವಾದಿಸಿದರೆ ನಗೆಪಾಟಲು. ‘ಏನು ಮಾಡುವುದು, ತಮ್ಮ ಅರ್ಜಿ ತಡವಾಯಿತಲ್ಲಾ’ ಎಂಬುದೇ ಅದರ ಕನ್ನಡ. ಮತ್ತೆ ಅದೇ ‘ಅಲ್ಲಾ’!

ಇನ್ನೊಂದು ಸೊಗಸನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ. ಭಾವಸೂಚಕ ಪದದ ಮುಂದಿನ ‘ದಟ್’ ವಾಕ್ಯದೊಳಗೆ ಒಮ್ಮೊಮ್ಮೆ ‘ಶುಡ್’ ಎಂಬ ಸಹಾಯಕ ಕ್ರಿಯಾಪದ ಬಂದು ಕುಳಿತಿರುತ್ತದೆ: ‘ಇಟ್ ಈಸ್ ಸ್ಯಾಡ್ ದಟ್ ಹೀ ಶುಡ್ ಹ್ಯಾವ್ ಡೈಡ್ ಸೋ ಯಂಗ್’. ಶಾಲೆಯಲ್ಲಿ ‘ಶುಡ್’ ಎಂದರೆ ‘ಬೇಕು’, ಕರ್ತವ್ಯಸೂಚಕ, ಎಂದು ಕಲಿತವನಿಗೆ ಇದು ದೊಡ್ಡ ಒಗಟು. ಸಾಯುವುದು ಅವನ ಕರ್ತವ್ಯವಾಗಿತ್ತೇ? 1985ರ ಕ್ವರ್ಕ್ ಮತ್ತು ಸಂಗಡಿಗರ ಬೃಹದ್ವ್ಯಾಕರಣದಲ್ಲಿ ಈ ‘ಶುಡ್’ಗೆ ಪ್ರತ್ಯೇಕ ಹೆಸರನ್ನೇ ಕೊಟ್ಟಿದ್ದಾರೆ. ಸಂಗತಿಯನ್ನು ಬರಿಯ ವರದಿಯಾಗಿ ಹೇಳದೆ, ಮನಸ್ಸು ಮುಟ್ಟಿ ನೋಡುವ ಭಾವನೆಯಾಗಿ ಹೇಳುವ ಪ್ರಯೋಗ ಅದು. ಕನ್ನಡಿಗನಿಗೆ ಇಷ್ಟು ವಿವರಣೆಯೂ ಬೇಡ. ‘ಇಷ್ಟು ಎಳೆಯ ವಯಸ್ಸಿನಲ್ಲಿ ಅವನು ಸಾಯಬೇಕೆ!’, ‘ಎಲ್ಲ ಬಿಟ್ಟು ಅವನೇ ಈ ಮಾತು ಹೇಳಬೇಕೆ!’ ಎಂದು ಅಜ್ಜಿಯರು ಪ್ರತಿದಿನವೂ ಆಡುವ ಮಾತಿನಲ್ಲಿ ಆ ‘ಬೇಕು’ ಎಂಬುದು ಮಾಡುತ್ತಿರುವ ಕೆಲಸ ಇದೇ. ಎರಡು ದೂರದ ಭಾಷೆಗಳು ದುಃಖದ ಗಳಿಗೆಯಲ್ಲಿ ಒಂದೇ ಪದಕ್ಕೆ ಕೈಹಾಕಿರುವುದು ಸೋಜಿಗವೇ ಸರಿ.

ಈಗ ‘ಸಾರಿ’ ಮತ್ತು ‘ರಿಗ್ರೆಟ್’. ಇವೆರಡರ ಮುಂದೆ ಬರುವ ರೂಪಗಳಲ್ಲಿ ಕೂದಲೆಳೆಯ ಭೇದಗಳಿವೆ. ‘ಐ ರಿಗ್ರೆಟ್ ಟು ಸೇ’ ಎಂದರೆ ಈಗ ಹೇಳಲಿರುವ ಅಪ್ರಿಯ ವಾರ್ತೆಗೆ ಪೀಠಿಕೆ. ‘ಐ ರಿಗ್ರೆಟ್ ಸೇಯಿಂಗ್’ ಎಂದರೆ ಹಿಂದೆ ಆಡಿದ ಮಾತಿಗೆ ಪಶ್ಚಾತ್ತಾಪ. ಹಾಗೆಯೇ ‘ಸಾರಿ ಟು ಟ್ರಬಲ್ ಯೂ’ ಎಂಬುದು ಬಾಗಿಲು ತಟ್ಟುವಾಗ. ‘ಸಾರಿ ಫಾರ್ ಟ್ರಬ್ಲಿಂಗ್ ಯೂ’ ಎಂಬುದು ಎದ್ದು ಹೊರಡುವಾಗ. ಇವುಗಳಲ್ಲಿ ಕ್ರಿಯೆಯನ್ನು ಮಾಡುವವನು ಯಾರೆಂಬ ಪ್ರಶ್ನೆಯೇ ಏಳುವುದಿಲ್ಲ, ಮಾತನಾಡುವವನೇ ಮಾಡುವವನು. ‘ದಟ್’ ಬಂದಾಗ ಮಾತ್ರ ಉಪವಾಕ್ಯದಲ್ಲಿ ಹೊಸದಾಗಿ ಒಂದು ಕರ್ತೃವಿನ ಪೀಠ ಸಿದ್ಧವಾಗುತ್ತದೆ. ಆ ಪೀಠದ ಮೇಲೆ ಯಾರನ್ನು ಕೂರಿಸಬೇಕೆಂಬುದು ಬರೆಯುವವನ ಇಷ್ಟ.

‘ಐ ಆ್ಯಮ್ ಸಾರಿ ದಟ್ ಐ ಬ್ರೋಕ್ ದಿ ಕಪ್’ ಎಂದವನು ತನ್ನನ್ನೇ ಆ ಪೀಠದಲ್ಲಿ ಕೂರಿಸಿಕೊಂಡ, ಅದು ಕ್ಷಮಾಪಣೆ. ‘ಐ ಆ್ಯಮ್ ಸಾರಿ ದಟ್ ದಿ ಕಪ್ ಬ್ರೋಕ್’ ಎಂದವನು ಬಟ್ಟಲನ್ನೇ ಕೂರಿಸಿದ. ಬಟ್ಟಲು ಒಡೆಯಿತು, ಅವನಿಗೆ ವ್ಯಥೆಯಾಯಿತು, ಒಡೆದವರು ಯಾರೋ! ‘ಐ ಆ್ಯಮ್ ಸಾರಿ ದಟ್ ಯುವರ್ ಫಾದರ್ ಈಸ್ ಇಲ್’ ಎಂಬಲ್ಲಿ ಕ್ಷಮೆಯ ಸೋಂಕೂ ಇಲ್ಲ, ಬರಿಯ ಸಹಾನುಭೂತಿ. ಅಂಥ ಕಾಗದವನ್ನು ‘ತಮ್ಮ ತಂದೆಯವರು ಕಾಯಿಲೆಯಾಗಿರುವುದಕ್ಕೆ ಕ್ಷಮಿಸಬೇಕು’ ಎಂದು ಕನ್ನಡಿಸಿದರೆ ಏನಾದೀತೆಂಬುದನ್ನು ಊಹಿಸಿಕೊಳ್ಳಬಹುದು. ಇನ್ನು ಸಾರ್ವಜನಿಕ ಜೀವನದಲ್ಲಿ ಬಹಳವಾಗಿ ಕೇಳಿಬರುವ ‘ಐ ಆ್ಯಮ್ ಸಾರಿ ದಟ್ ಯೂ ಫೆಲ್ಟ್ ಹರ್ಟ್’ ಎಂಬುದನ್ನು ಗಮನಿಸಬೇಕು. ಅಲ್ಲಿ ಪೀಠದ ಮೇಲೆ ಕೂತಿರುವವನು ನೊಂದವನೇ! ನೋವು ಅವನದು, ನೊಂದುಕೊಂಡದ್ದು ಅವನು, ಮಾತನಾಡಿದವನು ಬರಿಯ ಪ್ರೇಕ್ಷಕ. ‘ದಟ್’ ಎಂಬುದನ್ನೂ ತೆಗೆದು ‘ಇಫ್’ ಎಂಬುದನ್ನು ಹಾಕಿದರಂತೂ ನೋವಾಯಿತೆಂಬ ಸಂಗತಿಯೇ ಸಂದೇಹಾಸ್ಪದವಾಗುತ್ತದೆ. ‘ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ’ ಎಂಬ ಹೇಳಿಕೆಯನ್ನು ಕನ್ನಡ ಪತ್ರಿಕೆಗಳ ಓದುಗರು ಎಷ್ಟು ಸಲ ಓದಿಲ್ಲ!

ಒಂದು ‘ಸಾರಿ’ಯ ಮುಂದಿನ ಉಪವಾಕ್ಯದ ಮೇಲೆ ಇಪ್ಪತ್ತನಾಲ್ಕು ಮಂದಿಯ ಬಿಡುಗಡೆ ನಿಂತಿದ್ದ ಪ್ರಸಂಗವೊಂದು ಈ ಶತಮಾನದ ಆರಂಭದಲ್ಲಿಯೇ ನಡೆಯಿತು. 2001ರ ಏಪ್ರಿಲ್ 1ರಂದು ದಕ್ಷಿಣ ಚೀನಾ ಸಮುದ್ರದ ಮೇಲೆ ಅಮೆರಿಕದ ನೌಕಾಪಡೆಯ ಗೂಢಚರ್ಯೆ ವಿಮಾನಕ್ಕೂ ಚೀನಾದ ಯುದ್ಧವಿಮಾನಕ್ಕೂ ಡಿಕ್ಕಿಯಾಯಿತು. ಚೀನಾದ ವಿಮಾನ ಸಮುದ್ರಕ್ಕೆ ಬಿತ್ತು; ಅದರ ಚಾಲಕ ವಾಂಗ್ ವೇ ಪತ್ತೆಯಾಗಲೇ ಇಲ್ಲ. ಜಖಂಗೊಂಡ ಅಮೆರಿಕದ ವಿಮಾನ ಹೈನಾನ್ ದ್ವೀಪದ ಲಿಂಗ್‌ಶುಯಿ ವಿಮಾನನೆಲೆಯಲ್ಲಿ, ಅನುಮತಿ ಸಿಕ್ಕದಿದ್ದರೂ, ಇಳಿಯಿತು. ಅದರಲ್ಲಿದ್ದ 24 ಮಂದಿಯನ್ನೂ ಚೀನೀಯರು ತಡೆಹಿಡಿದರು. ಅಮೆರಿಕ ಕ್ಷಮೆ ಕೇಳಬೇಕು ಎಂಬುದು ಚೀನಾದ ಆಗ್ರಹ. ತನ್ನದು ತಪ್ಪಿಲ್ಲವಾದ್ದರಿಂದ ಕ್ಷಮೆ ಕೇಳುವ ಪ್ರಶ್ನೆಯೇ ಇಲ್ಲವೆಂಬುದು ಅಮೆರಿಕದ ನಿಲುವು. ಎರಡು ಮಹಾರಾಷ್ಟ್ರಗಳ ನಡುವಿನ ಗಂಟನ್ನು ಬಿಚ್ಚಲು ಕೊನೆಗೆ ವ್ಯಾಕರಣವೇ ಬರಬೇಕಾಯಿತು.

ಏಪ್ರಿಲ್ 11ರಂದು ಅಮೆರಿಕದ ರಾಯಭಾರಿ ಜೋಸೆಫ್ ಪ್ರೂಹರ್ ಚೀನಾದ ವಿದೇಶಾಂಗ ಸಚಿವ ಟಾಂಗ್ ಜಿಯಾಷ್ವಾನ್ ಅವರಿಗೆ ಒಂದು ಪತ್ರವನ್ನು ಕೊಟ್ಟರು. ಅದರಲ್ಲಿ ‘ವೆರಿ ಸಾರಿ’ ಎಂಬ ಪದಗಳು ಎರಡು ಸಲ ಬಂದಿವೆ. ಆದ್ದರಿಂದಲೇ ಅದು ‘ಎರಡು ಸಾರಿಗಳ ಪತ್ರ’ ಎಂದು ಹೆಸರಾಯಿತು. ಮೊದಲನೆಯದು ‘ಸಾರಿ ಫಾರ್’: ಚೀನಾದ ಜನತೆಗೂ ವಾಂಗ್ ವೇಯ ಮನೆಯವರಿಗೂ ಒದಗಿದ ನಷ್ಟಕ್ಕಾಗಿ. ಸಾವಿನ ಮನೆಯಲ್ಲಿ ಯಾರಾದರೂ ಆಡಬಹುದಾದ ಮಾತು ಅದು. ಅದನ್ನು ಆಡಿದವನನ್ನು ಕೊಲೆಗಾರನೆಂದು ಯಾರೂ ಹಿಡಿಯುವುದಿಲ್ಲ. ಎರಡನೆಯದು ‘ದಟ್’ ವಾಕ್ಯ. ‘ದಟ್’ ಎಂಬ ಪದವನ್ನು ನುಂಗಿಬಿಟ್ಟಿದ್ದರೂ ವಾಕ್ಯರಚನೆ ಅದರದೇ. ಚೀನಾದ ವಾಯುಪ್ರದೇಶದ ಪ್ರವೇಶಕ್ಕೂ ನೆಲಕ್ಕಿಳಿಯುವಿಕೆಗೂ ಬಾಯಿಮಾತಿನ ಅನುಮತಿ ಇರಲಿಲ್ಲವೆಂಬುದಕ್ಕೆ ಬಹಳ ವ್ಯಥೆ ಎಂದು ಅದರ ತಾತ್ಪರ್ಯ. ಆ ಉಪವಾಕ್ಯದ ಕರ್ತೃಪೀಠದಲ್ಲಿ ‘ನಾವು’ ಇಲ್ಲ, ‘ನಮ್ಮ ಚಾಲಕ’ ಇಲ್ಲ. ‘ಪ್ರವೇಶ’ ಮತ್ತು ‘ಇಳಿಯುವಿಕೆ’ ಎಂಬ ಎರಡು ಭಾವನಾಮಗಳು ಅಲ್ಲಿ ಕೂತಿವೆ! ಅನುಮತಿ ಇಲ್ಲದಿದ್ದದ್ದು ಅವುಗಳಿಗೆ. ಕ್ರಿಯಾಪದವೂ ‘ಮಾಡಿದೆವು’ ಎಂಬ ಜಾತಿಯದಲ್ಲ. ‘ಇರಲಿಲ್ಲ’ ಎಂಬ ಜಾತಿಯದು. ಬಟ್ಟಲು ತಾನಾಗಿ ಒಡೆಯಿತು ಎಂದಂತೆಯೇ ವಿಮಾನದ ಇಳಿಯುವಿಕೆಯು ತಾನಾಗಿ ಅನುಮತಿಯಿಲ್ಲದೆ ಹೋಯಿತು. ಅದೇ ಉಸಿರಿನಲ್ಲಿ, ಸಿಬ್ಬಂದಿ ಸುರಕ್ಷಿತವಾಗಿ ಇಳಿದರೆಂಬುದಕ್ಕೆ ಬಹಳ ಸಂತೋಷವೆಂದು ಇನ್ನೊಂದು ಭಾವಸೂಚಕ ಪದವನ್ನೂ ಸೇರಿಸಿದ್ದಾರೆ. ಇಳಿದದ್ದು ಒಂದೇ ಸಲ. ಅದಕ್ಕೆ ವ್ಯಥೆಯೂ ಉಂಟು, ಸಂತೋಷವೂ ಉಂಟು!

ಆದರೂ ಈ ವಾಕ್ಯದಲ್ಲಿ ಒಂದನ್ನು ಬಿಟ್ಟುಕೊಟ್ಟಿದ್ದರು. ‘ಸಾರಿ’ಯ ಮುಂದಿನ ಉಪವಾಕ್ಯ ಸತ್ಯವೆಂದು ಒಪ್ಪಿದಂತೆಯೇ. ಅನುಮತಿಯಿರಲಿಲ್ಲವೆಂಬ ಸಂಗತಿಗೆ ಅಮೆರಿಕ ರುಜು ಹಾಕಿತು; ಅದರ ಹೊಣೆಗೆ ಮಾತ್ರ ಹಾಕಲಿಲ್ಲ. ಚೀನಾ ಸರ್ಕಾರಕ್ಕೆ ತನ್ನ ಜನರ ಮುಂದೆ ತೋರಿಸಲು ಅಷ್ಟು ಸಾಕಾಗಿತ್ತು. ಅವರು ಮೊದಲು ಕೇಳಿದ್ದ ‘ದಾವ್‌ಛ್ಯೆನ್’ ಎಂಬ ಪದದ ಅರ್ಥ ತಪ್ಪೊಪ್ಪಿಕೊಂಡು ಕ್ಷಮೆ ಕೇಳುವುದು. ಅಮೆರಿಕದ ಪತ್ರವನ್ನು ಚೀನೀ ಭಾಷೆಗೆ ತರುವಾಗ ಅವರು ‘ಷೆನ್ ಬ್ಯಾವ್ ಛ್ಯೆನ್‌ಯಿ’ ಎಂಬ ಮಾತನ್ನು ಬಳಸಿದರು: ಆಳವಾದ ಕ್ಷಮಾಭಾವವನ್ನು ವ್ಯಕ್ತಪಡಿಸುವುದು ಎಂದು ಹೆಚ್ಚುಕಡಮೆ ಅದರ ಅರ್ಥ. ಎರಡರಲ್ಲಿಯೂ ‘ಛ್ಯೆನ್’ ಎಂಬ ಒಂದೇ ಅಕ್ಷರ ಬರುವುದನ್ನು ಗಮನಿಸಬೇಕು. ಅಮೆರಿಕದ ಅಧಿಕಾರಿಗಳು ಇದು ಕ್ಷಮಾಪಣೆಯ ಪತ್ರವಲ್ಲವೆಂದು ತಮ್ಮ ದೇಶದಲ್ಲಿ ಹೇಳಿಕೊಂಡರು. ಚೀನಾದ ಪತ್ರಿಕೆಗಳು ತಮ್ಮ ಓದುಗರಿಗೆ ಬೇರೊಂದನ್ನು ಹೇಳಿದವು. ಹನ್ನೊಂದು ದಿನಗಳ ಬಂಧನದ ನಂತರ ಆ 24 ಮಂದಿ ಮನೆಯ ದಾರಿ ಹಿಡಿದರು.

ಭಾರತಕ್ಕೆ ಹತ್ತಿರವಾದ ಇನ್ನೊಂದು ನಿದರ್ಶನವೂ ಉಂಟು. 1919ರ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾಬಾಗಿನಲ್ಲಿ ನಡೆದ ಹತ್ಯಾಕಾಂಡಕ್ಕೆ ನೂರು ವರ್ಷ ತುಂಬುವ ಮೂರು ದಿನ ಮುಂಚೆ, 2019ರ ಏಪ್ರಿಲ್ 10ರಂದು, ಬ್ರಿಟನ್ನಿನ ಅಂದಿನ ಪ್ರಧಾನಿ ತೆರೇಸಾ ಮೇ ಪಾರ್ಲಿಮೆಂಟಿನಲ್ಲಿ ‘ರಿಗ್ರೆಟ್’ ಎಂಬ ಕ್ರಿಯಾಪದವನ್ನು ಬಳಸಿದರು. ನಡೆದುದರ ಬಗ್ಗೆಯೂ ಉಂಟಾದ ಸಂಕಟದ ಬಗ್ಗೆಯೂ ಆಳವಾದ ವಿಷಾದವೆಂದು ಅವರ ಮಾತಿನ ಸಾರ. ಇಲ್ಲಿ ‘ದಟ್’ ಎಂಬುದರ ಬದಲಾಗಿ ‘ವಾಟ್’ ಬಂದಿದೆ. ಏನು ನಡೆಯಿತೋ ಅದು. ‘ದಟ್’ ಹಾಕಿದ್ದರೆ ಮುಂದೆ ಯಾರು ಯಾರನ್ನು ಕೊಂದರೆಂಬ ಒಂದು ಪೂರ್ಣ ವಾಕ್ಯವನ್ನು ಹೇಳಬೇಕಾಗುತ್ತಿತ್ತು, ಕರ್ತೃಪೀಠವನ್ನು ತುಂಬಬೇಕಾಗುತ್ತಿತ್ತು. ‘ವಾಟ್ ಹ್ಯಾಪನ್ಡ್’ ಎಂದಾಗ ಆ ತೊಂದರೆಯಿಲ್ಲ. ಘಟನೆಯು ಮಳೆ ಬಂದಂತೆ, ಗುಡುಗು ಬಂದಂತೆ ತಾನಾಗಿ ‘ನಡೆಯಿತು’. ಕ್ಷಮಾಪಣೆಯ ಪದವನ್ನೇ ನಿರೀಕ್ಷಿಸಿದ್ದವರಿಗೆ ಇದರಿಂದ ತೃಪ್ತಿಯಾಗಲಿಲ್ಲ, ಆಗುವಂತೆಯೂ ಇರಲಿಲ್ಲ.

‘ಸಾರಿ’ ಎಂಬ ಪದದ ಮೂಲವನ್ನು ನೋಡಿದರೆ ಈ ಜಾರಿಕೆಗೆ ಅದು ಏಕೆ ಇಷ್ಟು ಅನುಕೂಲವಾಗಿದೆಯೆಂಬುದು ತಿಳಿಯುತ್ತದೆ. ಅದು ‘ಸಾರೋ’, ಅಂದರೆ ದುಃಖ, ಎಂಬ ಪದದ ಮಗಳೆಂದು ತೋರಿದರೂ ಹಾಗಲ್ಲ. ಹುಣ್ಣು, ನೋವು ಎಂಬರ್ಥದ ‘ಸೋರ್’ ಎಂಬುದರ ಸಂತತಿ. ‘ಐ ಆ್ಯಮ್ ಸಾರಿ’ ಎಂಬವನು ಮೂಲತಃ ಹೇಳುವುದು, ತನ್ನ ಮನಸ್ಸು ಹುಣ್ಣಾಗಿದೆ ಎಂದು. ಅದು ತನ್ನ ಸ್ಥಿತಿಯ ವರದಿ. ಎದುರಿನವನಿಂದ ಏನನ್ನೂ ಬೇಡುವುದಿಲ್ಲ. ಕನ್ನಡದ ‘ಕ್ಷಮಿಸಿ’ ಎಂಬುದು ಹಾಗಲ್ಲ, ಅದು ಪ್ರಾರ್ಥನಾರೂಪ. ಕ್ಷಮಿಸುವ ಅಧಿಕಾರವನ್ನು ಎದುರಿನವನ ಕೈಗೆ ಕೊಟ್ಟು, ತಾನು ತಲೆಬಾಗಿ ನಿಲ್ಲುವ ಮಾತು. ‘ತಪ್ಪಾಯಿತು’ ಎಂಬುದು ಇನ್ನೂ ಒಂದು ಹೆಜ್ಜೆ ಮುಂದೆ. ಇಂದು ಪೇಟೆಯಲ್ಲಿಯೂ ಹಳ್ಳಿಯಲ್ಲಿಯೂ ಕಾಲು ತುಳಿದವನು ‘ಸಾರಿ’ ಎಂದು ನಡೆದುಬಿಡುತ್ತಾನೆ. ಕನ್ನಡದೊಳಕ್ಕೆ ಬಂದ ಈ ಪದ, ‘ಕ್ಷಮಿಸಿ’ ಎಂಬುದರ ಜಾಗದಲ್ಲಿ ಕುಳಿತಿದ್ದರೂ ಅದರ ಭಾರವನ್ನು ಹೊತ್ತುಕೊಂಡಿಲ್ಲ.

ಕನ್ನಡ ಪತ್ರಿಕೆಗಳ ಸುದ್ದಿ ವಿಭಾಗದಲ್ಲಿ ‘ವಿಷಾದ ವ್ಯಕ್ತಪಡಿಸಿದರು’ ಎಂಬುದಕ್ಕೂ ‘ಕ್ಷಮೆ ಯಾಚಿಸಿದರು’ ಎಂಬುದಕ್ಕೂ ನಡುವೆ ಆರಿಸಿಕೊಳ್ಳಬೇಕಾದವನು ಮೊದಲು ನೋಡಬೇಕಾದದ್ದು ಇಂಗ್ಲಿಷ್ ಮೂಲದಲ್ಲಿ ‘ಸಾರಿ’ ಇದೆಯೋ ‘ರಿಗ್ರೆಟ್’ ಇದೆಯೋ ಎಂಬುದನ್ನಲ್ಲ. ಅದರ ಮುಂದಿನ ಉಪವಾಕ್ಯದಲ್ಲಿ ಕರ್ತೃ ಯಾರೆಂಬುದನ್ನು. ಪ್ರೂಹರ್ ಪತ್ರದ ಎರಡನೆಯ ‘ಸಾರಿ’ಯನ್ನು ‘ಅನುಮತಿಯಿಲ್ಲದೆ ಇಳಿದದ್ದಕ್ಕೆ ಕ್ಷಮೆ ಯಾಚಿಸಿದರು’ ಎಂದು ಬರೆದರೆ ಅನುವಾದಕನು ಚೀನಾದ ಪಕ್ಷ ವಹಿಸಿದಂತೆ. ‘ಅನುಮತಿಯಿಲ್ಲದೆ ಇಳಿಯಬೇಕಾಯಿತಲ್ಲಾ ಎಂದು ವ್ಯಥೆಪಟ್ಟರು’ ಎಂದು ಬರೆದರೆ ಅಮೆರಿಕದ ಪಕ್ಷ. ‘ಇಳಿಯುವಿಕೆಗೆ ಅನುಮತಿಯಿಲ್ಲದೆ ಹೋದದ್ದು ವಿಷಾದಕರವೆಂದರು’ ಎಂದು ಬರೆದರೆ ಕನ್ನಡ ಸ್ವಲ್ಪ ತೊಡರುತ್ತದೆ. ಮೂಲವೂ ಅಷ್ಟೇ ತೊಡರುವಂಥದು.